ಒಂಬತ್ತನೇ ಕಾಲಂ ಮತ್ತು ಡೇಟಾಬೇಸ್: ಪಹಣಿಯಿಂದ ಟೇಬಲ್ ಕಲಿಯುವುದು

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ಜಮೀನಿನ ವಿಷಯ ಬಂದರೆ ಮಾತು ಕಾಲಂ ನಂಬರುಗಳಲ್ಲೇ ನಡೆಯುತ್ತದೆ. ‘ಒಂಬತ್ತರಲ್ಲಿ ಯಾರ ಹೆಸರೈತೆ?’ ‘ಹನ್ನೊಂದರಲ್ಲಿ ಸೊಸೈಟಿ ಸಾಲ ಕೂತೈತೆ.’ ‘ಎಂ.ಆರ್. ಆಗದೆ ಖಾತೆ ಹೆಂಗೆ ಬದಲಾದಾತು?’ ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೂ ಜಮೀನಿನ ಹಕ್ಕುದಾಖಲೆಯಾದ ಪಹಣಿಯ ಯಾವ ಮನೆಯಲ್ಲಿ ಏನು ಕೂರುತ್ತದೆ ಎಂಬುದು ಬಾಯಿಪಾಠ. ಅದೇ ಹೋಬಳಿಯ ಮಕ್ಕಳು ಬಿಸಿಎಗೋ ಡಿಪ್ಲೊಮಾಗೋ ಸೇರಿ ಡೇಟಾಬೇಸ್ ಕಲಿಯಲು ಕೂತಾಗ ಮೊದಲು ಎದುರಾಗುವುದು ಎಲ್ಲಿಯದೋ ಕಂಪನಿಯ ನೌಕರರು ಮತ್ತು ಅವರ ವಿಭಾಗಗಳ ಟೇಬಲ್. ಆ ಉದಾಹರಣೆ ತಪ್ಪೇನಲ್ಲ. ಆದರೆ ಅದು ತೀರಾ ಸಲೀಸು. ಟೇಬಲ್ ಕಟ್ಟುವಾಗ ಬರುವ ನಿಜವಾದ ತೊಡಕುಗಳು ಅದರಲ್ಲಿ ಕಾಣುವುದೇ ಇಲ್ಲ. ಪಹಣಿಯಲ್ಲಿ ಎಲ್ಲವೂ ಕಾಣುತ್ತವೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನಮ್ಮ ಸೀಮೆಯಲ್ಲಿ ಇಲ್ಲವೆಂದು ನನ್ನ ನಂಬಿಕೆ. ಅದನ್ನು ಮುಂದಿಟ್ಟುಕೊಂಡೇ ಟೇಬಲ್‌ಗಳ ವಿಚಾರವನ್ನು ಬುಡದಿಂದ ನೋಡೋಣ.

ಮೊದಲು ಎರಡು ಇತಿಹಾಸಗಳನ್ನು ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್ 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿ ಕಂಪ್ಯೂಟರಿನ ಒಳಗೆ ಎಲ್ಲಿ, ಯಾವ ದಾರಿಯಲ್ಲಿ ಕೂತಿದೆ ಎಂಬ ಚಿಂತೆ ಬಳಸುವವರಿಗೆ ಬೇಡ. ಎಲ್ಲವನ್ನೂ ಸಾಲು ಮತ್ತು ಕಾಲಂಗಳ ಕೋಷ್ಟಕಗಳಾಗಿ ಇಟ್ಟು, ಕೋಷ್ಟಕಗಳ ನಡುವಿನ ಸಂಬಂಧವನ್ನು ಅವುಗಳಲ್ಲಿರುವ ಬೆಲೆಗಳಿಂದಲೇ ಗುರುತಿಸಬಹುದು ಎಂದು ಅವರು ತೋರಿಸಿದರು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದಕ್ಕೊಂದು ಭಾಷೆ ಕಟ್ಟಿದರು. ಅದೇ ಇಂದಿನ ಎಸ್‌ಕ್ಯೂಎಲ್. 1986ರಲ್ಲಿ ಅದು ಅಮೆರಿಕದ ಅಧಿಕೃತ ಮಾನಕವಾಯಿತು. ಅರ್ಧ ಶತಮಾನ ಕಳೆದರೂ ಬ್ಯಾಂಕು, ರೇಷನ್‌ನಂಥ ಹಲವು ವ್ಯವಸ್ಥೆಗಳು ಇದರ ಮೇಲೆಯೇ ನಡೆಯುತ್ತಿವೆ.

ಇನ್ನೊಂದು ಇತಿಹಾಸ ನಮ್ಮದು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಲೆಕ್ಕ ಸರ್ಕಾರದ ಗ್ರಾಮಲೆಕ್ಕಿಗರ ಕೈಗೆ ಬಂತು. 1964ರ ಭೂಕಂದಾಯ ಕಾಯ್ದೆ ಹಕ್ಕು ದಾಖಲೆಗೂ ಮ್ಯುಟೇಶನ್‌ಗೂ (ಹಕ್ಕು ಬದಲಾವಣೆಯ ದಾಖಲಾತಿಗೂ) ಈಗಿನ ಚೌಕಟ್ಟು ಹಾಕಿತು. ಕೈಬರಹದ ಪುಸ್ತಕ ಒಬ್ಬರ ಬಳಿಯೇ ಇರುತ್ತಿತ್ತು. ತಿದ್ದಿದರೆ ಯಾರು ತಿದ್ದಿದರು, ಯಾವಾಗ ತಿದ್ದಿದರು ಎಂದು ಹೇಳುವುದು ಕಷ್ಟವಾಗಿತ್ತು. 2000ದ ಸುಮಾರಿಗೆ ರಾಜ್ಯ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷದಷ್ಟು ಭೂಮಾಲೀಕರ ವಿವರವನ್ನು ಕಂಪ್ಯೂಟರಿಗೆ ಏರಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳತ್ವ ವಹಿಸಿದ್ದರು, ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಕಟ್ಟಿಕೊಟ್ಟಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕಾಡ್ ಹೇಳಿದ ಕೋಷ್ಟಕ ಹೀಗೆ ಮಂಡ್ಯದ ಗದ್ದೆ ಬಯಲಿಗೂ ಇಳಿಯಿತು.

ಈಗ ಕೆಲಸಕ್ಕೆ ಬರೋಣ. ಕೆಳಗೆ ಹೇಳುವುದು ‘ಭೂಮಿ’ ತಂತ್ರಾಂಶದ ಒಳಗಿನ ವಿನ್ಯಾಸವಲ್ಲ. ಪಹಣಿಯ ವಿವರ ಹಿಡಿದಿಡಲು ಕಲಿಯುವವರೊಬ್ಬರು ಮನೆಯಲ್ಲೇ ಕಟ್ಟಬಹುದಾದ ಡೇಟಾಬೇಸ್ ಇದು.

ಹೊಸಬರು ಮಾಡುವ ಮೊದಲ ಕೆಲಸವೆಂದರೆ ಪಹಣಿಯ ಹಾಳೆಯನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಎಷ್ಟು ಕಾಲಂ ಇವೆಯೋ ಅಷ್ಟೂ ಕಾಲಂಗಳ ಒಂದೇ ದೊಡ್ಡ ಟೇಬಲ್ ಮಾಡುವುದು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಕಂದಾಯ, ಒಂಬತ್ತರ ಹೆಸರು, ಹತ್ತರ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು, ಹನ್ನೊಂದರ ಋಣ, ಹನ್ನೆರಡರ ಬೆಳೆ ಎಲ್ಲವೂ ಒಂದೇ ಸಾಲಿನಲ್ಲಿ. ಎರಡು ಮೂರು ಜಮೀನು ತುಂಬಿಸುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಂದು ಜಂಟಿ ಖಾತೆ ಬರುತ್ತದೆ. ಅಣ್ಣತಮ್ಮಂದಿರು ನಾಲ್ವರ ಹೆಸರು ಒಂಬತ್ತನೇ ಕಾಲಂನಲ್ಲಿ ಒಟ್ಟಿಗಿದೆ. ಒಂದೇ ಮನೆಯೊಳಗೆ ಕಾಮಾ ಹಾಕಿ ನಾಲ್ಕು ಹೆಸರು ತುರುಕಿದರೆ ‘ಎರಡನೆಯವರ ಹೆಸರಲ್ಲಿ ಒಟ್ಟು ಎಷ್ಟು ಜಮೀನಿದೆ’ ಎಂಬ ಪ್ರಶ್ನೆಗೆ ಕಂಪ್ಯೂಟರ್ ಉತ್ತರ ಹೇಳಲಾರದು. ನಾಲ್ಕು ಸಾಲು ಮಾಡಿದರೆ ವಿಸ್ತೀರ್ಣ, ಮಣ್ಣು, ಕಂದಾಯ ನಾಲ್ಕು ಸಲ ಬರೆಯಬೇಕು. ಮೂರರಲ್ಲಿ ತಿದ್ದಿ ಒಂದನ್ನು ಮರೆತರೆ ಒಂದೇ ಜಮೀನಿಗೆ ಎರಡು ವಿಸ್ತೀರ್ಣ ಹುಟ್ಟಿಕೊಳ್ಳುತ್ತದೆ. ಹೆಸರು ಒಂದು, ಹೆಸರು ಎರಡು, ಹೆಸರು ಮೂರು, ಹೆಸರು ನಾಲ್ಕು ಎಂದು ಕಾಲಂ ಮಾಡಿಟ್ಟರೆ ಐದನೆಯ ವಾರಸುದಾರರು ಬಂದ ದಿನ ಜಾಗವಿರುವುದಿಲ್ಲ.

ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕ ತೆರೆಯಬೇಕಿಲ್ಲ. ಸರ್ವೆ ಇಲಾಖೆಯ ಆಕಾರ್‌ಬಂದ್‌ನಲ್ಲಿ ಒಂದು ವಿಸ್ತೀರ್ಣ, ಕಂದಾಯ ಇಲಾಖೆಯ ಪಹಣಿಯಲ್ಲಿ ಇನ್ನೊಂದು ವಿಸ್ತೀರ್ಣ ಇದ್ದು, ಎರಡೂ ತಾಳೆಯಾಗದೆ ಪೋಡಿ (ಅಳೆದು ಪಾಲು ಬೇರ್ಪಡಿಸುವ ಕೆಲಸ) ನಿಂತುಹೋದ ಕುಟುಂಬಗಳು ಹಲವು ತಾಲ್ಲೂಕುಗಳಲ್ಲಿ ಇವೆ. ಜಮೀನಿನ ಅಳತೆಯೆಂಬ ಸಂಗತಿ ಒಂದೇ, ಅದನ್ನು ಬರೆದಿಟ್ಟ ಜಾಗ ಎರಡು. ಡೇಟಾಬೇಸಿನಲ್ಲಿ ನಾರ್ಮಲೈಸೇಶನ್ ಎಂದು ಕರೆಯುವ ಇಡೀ ಶಿಸ್ತು ಹುಟ್ಟಿದ್ದು ಈ ಸಂಕಟ ತಪ್ಪಿಸಲಿಕ್ಕೆ. ಪರೀಕ್ಷೆಗೆಂದು ಮೊದಲ ರೂಪ, ಎರಡನೆಯ ರೂಪ, ಮೂರನೆಯ ರೂಪ ಎಂದು ಉರುಹೊಡೆಯುವ ವಿದ್ಯಾರ್ಥಿಗೆ ಆಕಾರ್‌ಬಂದ್ ಕತೆ ಹೇಳಿದರೆ ಮುಕ್ಕಾಲು ಪಾಲು ಅರ್ಥವಾಗಿಬಿಡುತ್ತದೆ.

ಹಾಗಾಗಿ ನೋಡಬೇಕಾದ್ದು ಹಾಳೆಯ ಆಕಾರವನ್ನಲ್ಲ, ಅದರಲ್ಲಿ ಎಷ್ಟು ಬಗೆಯ ವಸ್ತುಗಳ ಮಾತು ಬಂದಿದೆ ಎಂಬುದನ್ನು. ಪಹಣಿಯಲ್ಲಿ ಊರಿದೆ, ಜಮೀನಿದೆ, ವ್ಯಕ್ತಿಯಿದ್ದಾರೆ, ಯಾವ ವ್ಯಕ್ತಿಗೆ ಯಾವ ಜಮೀನಿನಲ್ಲಿ ಎಷ್ಟು ಹಕ್ಕು ಎಂಬುದಿದೆ, ಹಕ್ಕು ಬದಲಾದ ಘಟನೆಯಿದೆ, ಋಣವಿದೆ, ಬೆಳೆಯಿದೆ. ಒಂದೊಂದಕ್ಕೂ ಒಂದೊಂದು ಟೇಬಲ್. ನಡುವಿನ ‘ಹಕ್ಕು’ ಎಂಬುದೇ ಜಂಟಿ ಖಾತೆಯ ಬೀಗದ ಕೈ. ಒಬ್ಬರಿಗೆ ಹಲವು ಜಮೀನು, ಒಂದು ಜಮೀನಿಗೆ ಹಲವರು. ಈ ಎರಡೂ ಕಡೆಯ ಬಹುತ್ವವನ್ನು ಜಮೀನಿನ ಟೇಬಲ್ಲಾಗಲೀ ವ್ಯಕ್ತಿಯ ಟೇಬಲ್ಲಾಗಲೀ ಒಂಟಿಯಾಗಿ ಹೊರಲಾರವು. ಎರಡನ್ನೂ ಬೆಸೆಯುವ ಮೂರನೆಯದೊಂದು ಬೇಕೇ ಬೇಕು. ಅಣ್ಣತಮ್ಮಂದಿರು ನಾಲ್ವರಾದರೆ ಅಲ್ಲಿ ನಾಲ್ಕು ಸಾಲು, ಜಮೀನಿನ ಟೇಬಲ್‌ನಲ್ಲಿ ಮಾತ್ರ ಒಂದೇ ಸಾಲು. ಕಲಿಯುವವರು ಎಲ್ಲಿಯಾದರೂ ನಿಧಾನಿಸಬೇಕೆಂದರೆ ಇಲ್ಲಿ ನಿಧಾನಿಸಬೇಕು.

ಮುಂದಿನದು ಗುರುತಿನ ಪ್ರಶ್ನೆ. ಟೇಬಲ್‌ನ ಪ್ರತಿ ಸಾಲನ್ನೂ ಇನ್ನೊಂದರಿಂದ ಬೇರ್ಪಡಿಸುವ ಕಾಲಂಗೆ ಪ್ರೈಮರಿ ಕೀ ಎನ್ನುತ್ತಾರೆ. ಜಮೀನಿಗೆ ಸರ್ವೆ ನಂಬರೇ ಇದೆಯಲ್ಲ ಎನ್ನಬಹುದು. ಆದರೆ 45ನೇ ಸರ್ವೆ ನಂಬರು ಕೆರಗೋಡಿನಲ್ಲೂ ಇರಬಹುದು, ಪಕ್ಕದ ಊರಿನಲ್ಲೂ ಇರಬಹುದು. ಊರಿನ ಹೆಸರು ಸೇರಿಸೋಣವೆಂದರೆ ಹೊಸಹಳ್ಳಿಗಳು ಎಷ್ಟಿವೆಯೋ! ಅದಕ್ಕೇ ಊರಿಗೆ ಕೋಡ್ ಬೇಕು. ಆನ್‌ಲೈನ್‌ನಲ್ಲಿ ಪಹಣಿ ತೆಗೆಯುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಎಂದು ಒಂದೊಂದಾಗಿ ಆರಿಸಬೇಕಾಗುತ್ತದೆಯಲ್ಲ, ಅವೆಲ್ಲ ಸೇರಿದರೇನೇ ಒಂದು ಜಮೀನಿನ ಗುರುತು ಪೂರ್ತಿಯಾಗುವುದು. ಹಲವು ಕಾಲಂ ಕೂಡಿ ಆಗುವ ಇಂಥ ಕೀಗೆ ಕಾಂಪೊಸಿಟ್ ಕೀ ಎಂದು ಹೆಸರು.

ಇಷ್ಟಾದರೂ ನಾನು ಅದನ್ನೇ ಪ್ರೈಮರಿ ಕೀ ಮಾಡಲು ಹೇಳುವುದಿಲ್ಲ. ಕಾರಣ ಪೋಡಿ. ಇಂದು 45/2 ಎಂದಿರುವುದು ಪಾಲಾಗಿ ಪೋಡಿ ಆದ ಮೇಲೆ ಹೊಸ ಹಿಸ್ಸಾ ನಂಬರುಗಳಾಗಿ ಒಡೆಯುತ್ತದೆ. ಗುರುತೇ ಬದಲಾಗುವಂಥದ್ದಾದರೆ ಅದನ್ನು ನೆಚ್ಚಿಕೊಂಡಿರುವ ಹಕ್ಕು, ಬೆಳೆ, ಋಣದ ಸಾಲುಗಳೆಲ್ಲ ಅದರ ಹಿಂದೆ ಬದಲಾಗಬೇಕು. ಆದ್ದರಿಂದ ಜಮೀನಿನ ಟೇಬಲ್‌ಗೆ ಅರ್ಥವಿಲ್ಲದ, ಎಂದೂ ಬದಲಾಗದ ಒಂದು ಕ್ರಮಸಂಖ್ಯೆ ಕೊಡಿ. ಊರು, ಸರ್ವೆ, ಸರ್ನೋಕ್, ಹಿಸ್ಸಾಗಳ ಜೋಡಣೆಗೆ ‘ಯೂನಿಕ್’ ನಿಬಂಧನೆ ಹಾಕಿ. ಪೋಡಿಯಾದಾಗ ಹಳೆಯ ಸಾಲನ್ನು ಅಳಿಸದೆ ‘ಮುಕ್ತಾಯ’ ಎಂದು ಗುರುತು ಮಾಡಿ, ಹೊಸ ಸಾಲುಗಳಲ್ಲಿ ಅವು ಯಾವುದರಿಂದ ಒಡೆದವು ಎಂದು ಬರೆದಿಡಿ. ಹೆಸರಿನ ವಿಚಾರದಲ್ಲಂತೂ ಎರಡನೇ ಯೋಚನೆಯೇ ಬೇಡ. ಒಂದೇ ಊರಿನಲ್ಲಿ ನಿಂಗೇಗೌಡ ಬಿನ್ ಬೋರೇಗೌಡ ಎಂಬವರು ಇಬ್ಬರು ಇದ್ದರೆ ಆಶ್ಚರ್ಯವಿಲ್ಲ. ಒಬ್ಬರೇ ಒಂದು ಪಹಣಿಯಲ್ಲಿ ನಿಂಗೇಗೌಡ, ಇನ್ನೊಂದರಲ್ಲಿ ನಿಂಗೆಗೌಡ ಆಗಿರುವುದೂ ಉಂಟು. ಮನುಷ್ಯರಿಗೂ ಸಂಖ್ಯೆಯ ಗುರುತೇ ಸರಿ. ರಾಜ್ಯ ಸರ್ಕಾರ ರೈತರಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಕೊಟ್ಟಿದ್ದೂ, 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆಸಿದ್ದೂ ಇಂಥದೇ ಅಗತ್ಯದಿಂದ.

ಇನ್ನು ಕಾಲಂಗಳ ಡೇಟಾ ಟೈಪ್. ಯಾವ ಕಾಲಂ ಅಂಕಿ, ಯಾವುದು ಅಕ್ಷರ, ಯಾವುದು ದಿನಾಂಕ ಎಂದು ಮೊದಲೇ ಹೇಳಿಬಿಡಬೇಕು. ಪಠ್ಯಪುಸ್ತಕಗಳು ಇದನ್ನು ಅರ್ಧ ಪುಟದಲ್ಲಿ ಮುಗಿಸುತ್ತವೆ. ಪಹಣಿಯ ವಿಸ್ತೀರ್ಣ ಕಾಲಂ ಮಾತ್ರ ಅಷ್ಟಕ್ಕೆ ಬಿಡುವುದಿಲ್ಲ.

ಅಲ್ಲಿ 1.10 ಎಂದು ಬರೆದಿದ್ದರೆ ಅರ್ಥ ಒಂದು ಎಕರೆ ಹತ್ತು ಗುಂಟೆ. ನೋಡಲು ದಶಮಾಂಶ, ನಿಜಕ್ಕೂ ಅಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಈ ಕಾಲಂ ಅನ್ನು ದಶಮಾಂಶವೆಂದು ಸಾರಿ, ಒಂದು ತುಂಡು 0.20, ಇನ್ನೊಂದು 0.30 ಎಂದು ತುಂಬಿಸಿ ಕೂಡಿಸಲು ಹೇಳಿದರೆ ಡೇಟಾಬೇಸ್ 0.50 ಎನ್ನುತ್ತದೆ. ಗುಂಟೆಯ ಲೆಕ್ಕದಲ್ಲಿ ಅದು 50 ಗುಂಟೆ, ಅಂದರೆ 1.10. ಇನ್ನು ಆ 1.10 ಅನ್ನು ಯಾರೋ ದಶಮಾಂಶ ಎಕರೆಯೆಂದೇ ಓದಿದರೆ 44 ಗುಂಟೆ ಆಗುತ್ತದೆ. ಆರು ಗುಂಟೆ, ಗುಂಟೆಗೆ 1,089 ಚದರ ಅಡಿಯಂತೆ 6,534 ಚದರ ಅಡಿ, ಸದ್ದಿಲ್ಲದೆ ಮಾಯವಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಮೀನಿನಲ್ಲಿ ಆರು ಗುಂಟೆಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಇದಕ್ಕೆ ಪರಿಹಾರ ಬಹಳ ಸರಳ: ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಡುವುದು. ಎಕರೆಗೆ 640 ಆಣೆಯಾದರೆ ಒಂದು ಎಕರೆ ಹತ್ತು ಗುಂಟೆಗೆ 800. ಕೂಡಿ, ಕಳೆಯಿರಿ, ಎಲ್ಲೂ ಚೂರೂ ಹೋಗುವುದಿಲ್ಲ. ಜನರಿಗೆ ತೋರಿಸುವಾಗ ಮಾತ್ರ ಎಕರೆ, ಗುಂಟೆ, ಆಣೆಗೆ ಒಡೆದು ತೋರಿಸಿ.

ಎಕ್ಸೆಲ್‌ನಲ್ಲೇ ಸಾಕಲ್ಲ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಹೊಸ ಹಾಳೆಯಲ್ಲಿ 2.20 ಎಂದು ಟೈಪ್ ಮಾಡಿದರೆ ಅದು ತಾನಾಗಿಯೇ 2.2 ಆಗುತ್ತದೆ. ಎರಡು ಎಕರೆ ಇಪ್ಪತ್ತು ಗುಂಟೆ ಎರಡು ಎಕರೆ ಎರಡು ಗುಂಟೆಯಂತೆ ಕಾಣತೊಡಗುತ್ತದೆ. ಸರ್ವೆ ನಂಬರು 10/2 ಎಂದು ಹೊಡೆದರೆ ನಮ್ಮ ದಿನಾಂಕದ ಕ್ರಮದಲ್ಲಿ ಫೆಬ್ರವರಿ 10 ಆಗಿ ಕೂರುತ್ತದೆ. ಹಾಗೆಂದು ಡೇಟಾಬೇಸಿನಲ್ಲೂ 10/2 ಎಂದು ಒಟ್ಟಿಗೆ ಬರೆಯಬೇಡಿ. ಸರ್ವೆ ನಂಬರಿಗೆ ಅಂಕಿಯ ಕಾಲಂ, ಹಿಸ್ಸಾಗೆ ಅಕ್ಷರದ ಕಾಲಂ ಬೇರೆ ಬೇರೆ ಇರಲಿ. ಇಲ್ಲವಾದರೆ ಸಾಲಾಗಿ ಜೋಡಿಸುವಾಗ 9ಕ್ಕಿಂತ ಮೊದಲೇ 10 ಬಂದು ನಿಲ್ಲುತ್ತದೆ.

ಕನ್ನಡದಲ್ಲಿ ಹೆಸರು ತುಂಬುವವರು ಕಾಲಂನ ಅಗಲವನ್ನೂ ನೋಡಿಕೊಳ್ಳಬೇಕು. ‘ಕೆರಗೋಡು’ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಅದನ್ನು ವ್ಯಂಜನ, ಸ್ವರಚಿಹ್ನೆ ಬಿಡಿಸಿ ಏಳು ಸಂಕೇತವೆಂದು ಎಣಿಸುತ್ತದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್, ಒಟ್ಟು 21 ಬೈಟ್. ಅಗಲವನ್ನು ಬೈಟ್ ಲೆಕ್ಕದಲ್ಲಿ ಅಳೆಯುವ ವ್ಯವಸ್ಥೆಯಲ್ಲಿ 20 ಎಂದು ಕೊಟ್ಟಿದ್ದರೆ ನಮ್ಮೂರಿನ ಹೆಸರು ಒಳಗೆ ಹೋಗುವುದೇ ಇಲ್ಲ. ಧಾರಾಳವಾಗಿ ಅಗಲ ಕೊಡಿ. ಅದರಿಂದ ಹೆಚ್ಚೇನೂ ನಷ್ಟವಿಲ್ಲ.

ಖಾಲಿ ಮನೆಯ ವಿಚಾರವೂ ಇದೆ. ಹನ್ನೊಂದನೇ ಕಾಲಂ ಖಾಲಿಯಿದ್ದರೆ ಸಾಲವಿಲ್ಲವೆಂದೋ, ಯಾರೂ ಬರೆದಿಲ್ಲವೆಂದೋ? ಡೇಟಾಬೇಸಿನಲ್ಲಿ ‘ನಲ್’ ಎಂದರೆ ಗೊತ್ತಿಲ್ಲ ಎಂದು ಮಾತ್ರ. ಅದು ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ. ಋಣಕ್ಕೆ ಬೇರೆಯೇ ಟೇಬಲ್ ಮಾಡಿದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ. ವಿಸ್ತೀರ್ಣದಂಥ ಕಾಲಂಗೆ ‘ನಾಟ್ ನಲ್’ ಎಂದೂ, ಸೊನ್ನೆಗಿಂತ ಹೆಚ್ಚಿರಬೇಕೆಂದು ‘ಚೆಕ್’ ಎಂದೂ ಕಡ್ಡಾಯ ಮಾಡಿ.

ಇಷ್ಟು ಯೋಚಿಸಿದ ಮೇಲೆ ಟೈಪ್ ಮಾಡುವುದು ಹತ್ತು ನಿಮಿಷದ ಕೆಲಸ. ‘ಕ್ರಿಯೇಟ್ ಟೇಬಲ್’ ಎಂಬ ಆದೇಶ, ಟೇಬಲ್ ಹೆಸರು, ಆವರಣದಲ್ಲಿ ಒಂದೊಂದು ಕಾಲಂನ ಹೆಸರು, ಟೈಪ್, ನಿಬಂಧನೆ, ಕೊನೆಗೆ ಅರ್ಧವಿರಾಮ. ಮೊದಲು ಊರು, ಆಮೇಲೆ ಜಮೀನು ಮತ್ತು ವ್ಯಕ್ತಿ, ಆಮೇಲೆ ಹಕ್ಕು. ಈ ಕ್ರಮ ತಪ್ಪಿಸುವಂತಿಲ್ಲ. ಹಕ್ಕಿನ ಟೇಬಲ್‌ನಲ್ಲಿರುವ ಜಮೀನಿನ ಸಂಖ್ಯೆ ಜಮೀನಿನ ಟೇಬಲ್‌ನಲ್ಲಿ ಇರಲೇಬೇಕೆಂದು ಹೇಳುವ ಫಾರಿನ್ ಕೀಗೆ, ಅದು ಬೊಟ್ಟು ಮಾಡುವ ಟೇಬಲ್ ಮೊದಲೇ ಇರಬೇಕಲ್ಲ. ಇಲ್ಲದ ಜಮೀನಿಗೆ ಖಾತೆದಾರರನ್ನು ಸೇರಿಸಹೊರಟರೆ ಡೇಟಾಬೇಸ್ ಒಪ್ಪುವುದಿಲ್ಲ. ಫಾರಿನ್ ಕೀ ಬರೆಯುವಾಗ ‘ಆನ್ ಡಿಲೀಟ್ ಕ್ಯಾಸ್ಕೇಡ್’ ಎಂಬ ಆಯ್ಕೆ ಸಿಗುತ್ತದೆ: ಮೂಲ ಸಾಲು ಅಳಿಸಿದರೆ ಅವಲಂಬಿತ ಸಾಲುಗಳೂ ಅಳಿಯುತ್ತವೆ. ಹೊಸಬರಿಗೆ ಇದು ಬಹಳ ಅನುಕೂಲವೆನಿಸುತ್ತದೆ. ಹಕ್ಕಿನ ದಾಖಲೆಯಲ್ಲಿ ಇದನ್ನು ಎಂದೂ ಹಾಕಬೇಡಿ. ಒಬ್ಬ ವ್ಯಕ್ತಿಯ ಸಾಲು ಅಳಿಸಿದರೆ ಅವರ ಜಮೀನಿನ ಹಕ್ಕೇ ಅಳಿದುಹೋಗುತ್ತದೆ. ಅಳಿಸಲು ಬಿಡದ ‘ರಿಸ್ಟ್ರಿಕ್ಟ್’ ಇರಲಿ.

ಒಂದು ಮಿತಿಯನ್ನೂ ಹೇಳಬೇಕು. ಒಂದು ಜಮೀನಿನ ಎಲ್ಲ ಪಾಲುದಾರರ ವಿಸ್ತೀರ್ಣ ಕೂಡಿದರೆ ಜಮೀನಿನ ವಿಸ್ತೀರ್ಣ ಮೀರಬಾರದು ಎಂಬ ನಿಯಮವನ್ನು ಸಾಮಾನ್ಯ ‘ಚೆಕ್’ ಕಾಯಲಾರದು. ಅದು ನೋಡುವುದು ಒಂದು ಸಾಲನ್ನು ಮಾತ್ರ. ಹಲವು ಸಾಲು ನೋಡಿ ತೀರ್ಮಾನಿಸಲು, ಸಾಲು ಬದಲಾದಾಗ ತಾನಾಗಿ ಓಡುವ ‘ಟ್ರಿಗರ್’ ಬರೆಯಬೇಕು.

ಕಟ್ಟಿದ ಮೇಲೆ ನಿರ್ವಹಣೆ. ಒಂದು ಎಕರೆ ಹತ್ತು ಗುಂಟೆಯಲ್ಲಿ 20 ಗುಂಟೆ ಕ್ರಯವಾಯಿತು ಎಂದಿಟ್ಟುಕೊಳ್ಳಿ. ಮಾರಿದವರ ಸಾಲು 800 ಆಣೆಯಿಂದ 480ಕ್ಕೆ ಇಳಿಯಬೇಕು, ಕೊಂಡವರ ಹೆಸರಿನಲ್ಲಿ 320ರ ಹೊಸ ಸಾಲು ಹುಟ್ಟಬೇಕು. ಮೊದಲನೆಯದು ಆಗಿ ಎರಡನೆಯದರ ಹೊತ್ತಿಗೆ ಕರೆಂಟು ಹೋದರೆ 20 ಗುಂಟೆ ಯಾರದೂ ಅಲ್ಲದ ಜಮೀನಾಗುತ್ತದೆ. ಆದ್ದರಿಂದ ಎರಡನ್ನೂ ಒಂದು ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಬೇಕು. ಆದರೆ ಎರಡೂ ಆಗಿ ‘ಕಮಿಟ್’, ಇಲ್ಲದಿದ್ದರೆ ಎರಡೂ ಇಲ್ಲದೆ ‘ರೋಲ್‌ಬ್ಯಾಕ್’. ಇದರ ಜೊತೆಗೆ ಮ್ಯುಟೇಶನ್ ಟೇಬಲ್‌ಗೆ ಎಂ.ಆರ್. ನಂಬರು, ದಿನಾಂಕ, ಕಾರಣ ಸಹಿತ ಒಂದು ಸಾಲು ಸೇರಬೇಕು. ಕ್ರಯವೋ, ದಾನವೋ, ವಿಭಾಗವೋ, ಪೌತಿಯೋ (ಮರಣದ ಮೇಲೆ ವಾರಸುದಾರರಿಗೆ ಬಂದದ್ದೋ) ಎಂಬುದು ಅಲ್ಲಿರುತ್ತದೆ. ಆ ಟೇಬಲ್‌ಗೆ ಸೇರಿಸುವುದು ಮಾತ್ರ, ತಿದ್ದುವುದೂ ಅಳಿಸುವುದೂ ಇಲ್ಲ. ಈ ಶಿಸ್ತು ಕಾಡ್‌ಗಿಂತ ಹಳೆಯದು. ಪಹಣಿಯ ಹತ್ತನೇ ಕಾಲಂ ಎಂ.ಆರ್. ರಿಜಿಸ್ಟರಿನ ಕಡೆ ಬೊಟ್ಟು ಮಾಡಿ, ಈ ಹೆಸರು ಇಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಸಾಕ್ಷಿ ತೋರಿಸುತ್ತದೆ. ನಮ್ಮ ಕಂದಾಯ ದಾಖಲೆಯ ಅತ್ಯುತ್ತಮ ಗುಣ ಇದು ಎನ್ನುತ್ತೇನೆ.

ಸಾಲು ತಿದ್ದುವ ‘ಅಪ್‌ಡೇಟ್’ ಆದೇಶದಲ್ಲಿ, ಯಾವ ಸಾಲು ಎಂದು ಹೇಳುವ ‘ವ್ಹೇರ್’ ಬಿಟ್ಟುಹೋದರೆ ಒಂದು ಜಮೀನಿನ ಬದಲು ಟೇಬಲ್‌ನಲ್ಲಿರುವ ಎಲ್ಲ ಜಮೀನೂ ಬದಲಾಗುತ್ತದೆ. ಮೊದಲು ಅದೇ ‘ವ್ಹೇರ್’ ಹಾಕಿ ‘ಸೆಲೆಕ್ಟ್’ ಮಾಡಿ, ಎಷ್ಟು ಸಾಲು ಬಂತೆಂದು ನೋಡಿ, ಆಮೇಲೆ ‘ಅಪ್‌ಡೇಟ್’ ಮಾಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ. ‘ಡಿಲೀಟ್’ ಸಾಲುಗಳನ್ನು ತೆಗೆಯುತ್ತದೆ, ‘ಟ್ರಂಕೇಟ್’ ಟೇಬಲ್ ಉಳಿಸಿ ಒಳಗಿನದನ್ನೆಲ್ಲ ಒಮ್ಮೆಗೇ ಬರಿದು ಮಾಡುತ್ತದೆ, ‘ಡ್ರಾಪ್’ ಟೇಬಲ್ಲನ್ನೇ ಕಿತ್ತುಹಾಕುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಟ್ರಾನ್ಸಾಕ್ಷನ್ ಒಳಗೆ ಮಾಡಿದ ‘ಡ್ರಾಪ್’ ಅನ್ನೂ ಹಿಂದಕ್ಕೆ ಪಡೆಯಬಹುದು. ಮೈಎಸ್‌ಕ್ಯೂಎಲ್ ಮತ್ತು ಆರಕಲ್‌ನಲ್ಲಿ ಅಂಥ ಆದೇಶ ತಕ್ಷಣವೇ ಕಮಿಟ್ ಆಗಿಬಿಡುತ್ತದೆ. ಕಲಿಯುವವರಿಗೆ ನಾನು ಪೋಸ್ಟ್‌ಗ್ರೆಸ್ ಹೇಳಲು ಇದೂ ಒಂದು ಕಾರಣ. ಹಳೆಯ ಲ್ಯಾಪ್‌ಟಾಪ್ ಮಾತ್ರ ಇದ್ದರೆ ಎಸ್‌ಕ್ಯೂಲೈಟ್ ಸಾಕು, ಇಡೀ ಡೇಟಾಬೇಸ್ ಒಂದೇ ಫೈಲ್. ಆದರೆ ಅದರಲ್ಲಿ ಫಾರಿನ್ ಕೀ ಕಾವಲನ್ನು ಪ್ರತಿ ಸಲವೂ ನಾವೇ ಚಾಲೂ ಮಾಡಬೇಕು. ಮರೆತರೆ ಇಲ್ಲದ ಜಮೀನಿಗೂ ಖಾತೆದಾರರು ಹುಟ್ಟುತ್ತಾರೆ.

ಯಾರಿಗೆ ಏನು ಮಾಡಲು ಅನುಮತಿ ಎಂಬುದೂ ನಿರ್ವಹಣೆಯ ಭಾಗವೇ. ‘ಗ್ರಾಂಟ್’ ಎಂಬ ಆದೇಶದಿಂದ ಒಬ್ಬರಿಗೆ ಓದಲು ಮಾತ್ರ, ಇನ್ನೊಬ್ಬರಿಗೆ ಸೇರಿಸಲು, ಮತ್ತೊಬ್ಬರಿಗೆ ತಿದ್ದಲು ಅಧಿಕಾರ ಕೊಡಬಹುದು. ‘ಭೂಮಿ’ ಆರಂಭದಿಂದಲೇ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ತಂದಿದ್ದು, ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಕಟ್ಟಿದ್ದು ಇದೇ ದಿಕ್ಕಿನ ಕೆಲಸ. ಸರದಿ ತಪ್ಪಿಸಿ ಒಬ್ಬರ ಅರ್ಜಿಯನ್ನು ಮೇಲೆ ತರಲು ಅಲ್ಲಿ ಎಡೆಯಿರಲಿಲ್ಲ. ಬಡ ರೈತರ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಹುಡುಕಾಟ ಚುರುಕಾಗಿಸುವ ಇಂಡೆಕ್ಸ್‌ನ ವಿಚಾರ ಸಾಲುಗಳು ಲಕ್ಷ ಮುಟ್ಟಿದಾಗ ಮುಖ್ಯವಾಗುತ್ತದೆ. ಬ್ಯಾಕಪ್‌ಗೆ, ಮನೆಯ ಅಭ್ಯಾಸದ ಮಟ್ಟಿಗೆ, ಡೇಟಾಬೇಸಿನ ಒಂದು ಪ್ರತಿ ಬೇರೆ ಕಡೆ ಇದ್ದರೆ ಆಯಿತು.

ಕೊನೆಯದಾಗಿ ‘ಆಲ್ಟರ್ ಟೇಬಲ್’. ಮೊದಲೇ ಎಷ್ಟು ಯೋಚಿಸಿದ್ದರೂ ನಾಳೆ ಹೊಸ ಕಾಲಂ ಬೇಕಾಗುತ್ತದೆ. ಉದಾಹರಣೆಗೆ, ತೀರಿಕೊಂಡು ದಶಕಗಳಾದವರ ಹೆಸರೇ ಒಂಬತ್ತನೇ ಕಾಲಂನಲ್ಲಿ ಉಳಿದಿರುವ ಪಹಣಿಗಳು ರಾಜ್ಯದ ತುಂಬ ಇವೆ. ಪೌತಿ ಖಾತೆಯಾಗದೆ ವಾರಸುದಾರರಿಗೆ ಬೆಳೆಸಾಲ, ವಿಮೆ, ಪರಿಹಾರ ಎಲ್ಲಕ್ಕೂ ತೊಡಕು. ನೀವು ಕಟ್ಟಿದ ವ್ಯಕ್ತಿಯ ಟೇಬಲ್‌ಗೆ ಮರಣ ದಿನಾಂಕದ ಕಾಲಂ ಒಂದನ್ನು ಸೇರಿಸಿ. ಹಳೆಯ ಸಾಲುಗಳಲ್ಲೆಲ್ಲ ಅದು ನಲ್ ಆಗಿಯೇ ಇರುತ್ತದೆ, ಏನೂ ಕೆಡುವುದಿಲ್ಲ. ನಿಮ್ಮ ಮನೆತನದ ಪಹಣಿಗಳನ್ನು ತೆಗೆಸಿ, ಗೊತ್ತಿರುವ ದಿನಾಂಕಗಳನ್ನು ತುಂಬಿ. ಆಮೇಲೆ ವ್ಯಕ್ತಿ, ಹಕ್ಕು, ಜಮೀನು ಮೂರನ್ನೂ ‘ಜಾಯಿನ್’ ಮಾಡಿ, ಮರಣ ದಿನಾಂಕವಿದ್ದೂ ಹಕ್ಕಿನ ಸಾಲು ಇನ್ನೂ ಚಾಲ್ತಿಯಲ್ಲಿರುವವರನ್ನು ಕೇಳಿ. ಉತ್ತರವಾಗಿ ಬರುವ ಒಂದೊಂದು ಸಾಲಿಗೂ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಒಂದು ಅರ್ಜಿ ಹೋಗಬೇಕಾಗಿದೆ.